ಎಡಗೈಯಲ್ಲಿ ಲಿಂಗ, ದಾರದಲ್ಲಿ ಅಯಸ್ಕಾಂತ

ನನ್ನ ಸೊಸೆ ಡಾಕ್ಟರು. ಆದರೆ ಸೂಜಿ ಮಾಡುವುದಿಲ್ಲ, ಗುಳಿಗೆ ಕೊಡುವುದಿಲ್ಲ, ನಾಡಿ ಹಿಡಿಯುವುದಿಲ್ಲ. ಮದುವೆಯಾಗಿ ಮುಂಡಗೋಡದ ನಮ್ಮ ಮನೆಗೆ ಬಂದ ಹೊಸದರಲ್ಲಿ ಓಣಿಯ ಹೆಂಗಸರು ಮೊಣಕಾಲು ನೋವು, ಎದೆಯುರಿ, ಕೂಸಿನ ಕೆಮ್ಮು ಎಂದು ಒಬ್ಬೊಬ್ಬರಾಗಿ ಬಂದರು. ಇವಳು ಎಲ್ಲರನ್ನೂ ಕೂಡಿಸಿ, ಎಲ್ಲ ಕೇಳಿ, ಚಹಾ ಕೊಟ್ಟು, "ಇದಕ್ಕ ಬ್ಯಾರೆ ಡಾಕ್ಟರ ಅದಾರ್ರಿ, ಅವರ ಕಡೆ ತೋರಿಸ್ರಿ" ಎಂದು ಕಳಿಸಿದಳು. ಹಿಂದಿನ ಮನೆಯವಳು ನನ್ನನ್ನು ನಳದ ಹತ್ತಿರ ಹಿಡಿದಳು.

"ಏನಬೇ ಯಕ್ಕಾ, ನಿಮ್ಮ ಸೊಸಿ ಖರೇನ ಡಾಕ್ಟರ ಹೌದೋ ಅಲ್ಲೋ? ಚಹಾ ಅಷ್ಟ ಚಲೋ ಮಾಡ್ತಾಳ."

"ಆಕಿ ಫೋಟೋದ ಡಾಕ್ಟರ," ಎಂದೆ.

"ಫೋಟೋ ತಗಿಯಾಕ ಡಾಕ್ಟರಕಿ ಯಾಕ ಕಲೀಬೇಕು? ಬಸ್‌ಸ್ಟ್ಯಾಂಡಿನ ಹತ್ರ ಸ್ಟುಡಿಯೋದಾವ ಎಷ್ಟ ಕಲ್ತಾನ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ನಾನು ಎರಡನೆಯ ಇಯತ್ತೆ ದಾಟಿದವಳಲ್ಲ. ಒತ್ತಕ್ಷರಗಳನ್ನು ಮಗ ತಿದ್ದಿದ್ದಾನೆ. ಮಾತು ತಿದ್ದಲು ಬಿಟ್ಟಿಲ್ಲ.

ಒಳಗಿನ ಫೋಟೋ ಎಂಬುದನ್ನು ನಾನು ಮೊದಲು ಕಂಡಿದ್ದು ದಾಂಡೇಲಿಯಲ್ಲಿ. ನನ್ನ ಗಂಡ ಅಂಬಿಕಾನಗರದಲ್ಲಿ ಕರೆಂಟಿನ ಕೆಲಸದಲ್ಲಿದ್ದರು. ಒಂದು ಚಳಿಗಾಲ ಅವರಿಗೆ ಬಿಡದ ಕೆಮ್ಮು ಹಿಡಿಯಿತು. ದಾಂಡೇಲಿಗೆ ಹೋಗಿ ಎದೆಯ ಎಕ್ಸರೆ ತೆಗೆಸಿದೆವು. ಆ ಕರಿ ಹಾಳೆಯನ್ನು ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಿಡಿದು ನಾನು ನೋಡಿದೆ, ಪಕ್ಕದವರು ನೋಡಿದರು, ಕಂಡಕ್ಟರೂ ನೋಡಿ, "ಎಲುಬು ಗಟ್ಟಿ ಅದಾವ ಬಿಡ್ರಿ" ಎಂದ. ಜೊತೆಗೆ ಒಂದು ಚೀಟಿ ಇತ್ತು. ಆ ಚೀಟಿ ನೋಡಿ ಕಾಲೊನಿಯ ಡಾಕ್ಟರು ಔಷಧ ಕೊಟ್ಟರು, ಗಂಡ ನೆಟ್ಟಗಾದರು. ಬಹಳ ವರ್ಷ ಬದುಕಿ, ಆಮೇಲೆ ಬೇರೆ ರೋಗದಿಂದ ಹೋದರು. ಕರಿ ಹಾಳೆಯಲ್ಲಿ ರೋಗ ಕಂಡು ಆ ಚೀಟಿ ಬರೆದವರು ಯಾರು, ಗಂಡಸೋ ಹೆಂಗಸೋ, ಎಲ್ಲಿ ಕೂತಿರುತ್ತಾರೆ ಎಂದು ನಾವು ಕೇಳಲಿಲ್ಲ. ಅಂಥವರಲ್ಲಿ ಒಬ್ಬಳು ನಮ್ಮ ಮನೆಗೇ ಸೊಸೆಯಾಗಿ ಬಂದ ಮೇಲೆ ತಿಳಿಯಿತು, ಅವರು ಕತ್ತಲೆ ಕೋಣೆಯಲ್ಲಿ ಕೂತಿರುತ್ತಾರೆ, ಅವರ ಊಟ ಯಾವಾಗಲೂ ಆರಿರುತ್ತದೆ.

ಹೊಗಳುವುದು ನನ್ನ ಗುಣವಲ್ಲ. ಕಂಡದ್ದು ಹೇಳುತ್ತೇನೆ. ಇವಳು ಮೊದಲು ಹುಬ್ಬಳ್ಳಿಯಲ್ಲಿ ಎಕ್ಸರೆ ಓದುವುದನ್ನು ಕಲಿತಳು, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಪರೀಕ್ಷೆ ಬರೆದಳು. ಆಮೇಲೆ ಮಿದುಳಿನ ಫೋಟೋ ಓದುವುದನ್ನು ಕಲಿಯುತ್ತೇನೆ ಎಂದು ಬೆಂಗಳೂರಿಗೆ ಹೋದಳು. ಕೂಸನ್ನು ನಾನು ನೋಡಿಕೊಂಡೆ. ಓಣಿಯವರು, "ಆಕಿ ಇನ್ನ ತಿರುಗಿ ಬರೂದಿಲ್ಲ ನೋಡು" ಎಂದರು. ಬಂದಳು. ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ಕಲಿಸುವ ಕೆಲಸ ಹಿಡಿದಳು. ದಿನಾ ಮುಂಜಾನೆ ಬಸ್ಸು, ಸಂಜೆ ಬಸ್ಸು. ಇವತ್ತು ಅದೇ ಕಾಲೇಜಿನಲ್ಲಿ ಪ್ರೊಫೆಸರು. ಬಸ್ಸು ಮಾತ್ರ ಅದೇ.

ರವಿವಾರ ಮನೆಯಲ್ಲಿದ್ದರೆ ಕಂಪ್ಯೂಟರ್ ತೆರೆದು ಮಿದುಳು ನೋಡುತ್ತಾ ಕೂರುತ್ತಿದ್ದಳು. ಒಮ್ಮೆ ನಾನು ಕೋಬೀಜ, ಅಂದರೆ ಎಲೆಕೋಸು, ಹೆಚ್ಚುತ್ತಾ ಪಕ್ಕದಲ್ಲೇ ಕೂತಿದ್ದೆ. ಅವಳ ಪರದೆಯಲ್ಲೂ ಕೋಬೀಜ! ಅಡ್ಡಕ್ಕೆ ಹೆಚ್ಚಿದ ಹಾಗೆ ಹೋಳು ಹೋಳು, ಸುರುಳಿ ಸುರುಳಿ.

"ಯಾರದಿದು?" ಎಂದೆ.

"ಗೊತ್ತಿಲ್ರಿ ಅತ್ತಿ. ಹೆಸರು ಮುಚ್ಚಿ ಇಟ್ಟೇನಿ."

"ಯಾಕ, ಏನ ಕದ್ದ ಮಾಲೇನ ಅದು?"

"ಹೆಸರು, ವಯಸ್ಸು, ಏನ ತ್ರಾಸ ಅಂತ ಗೊತ್ತಾತಂದ್ರ ಕಣ್ಣು ಅದನ್ನ ಹುಡುಕ್ತೈತ್ರಿ. ಒಮ್ಮೆ ಏನೂ ಗೊತ್ತಿಲ್ಲದ ನೋಡ್ತೇನಿ, ಏನ ಕಂಡೈತಿ ಅದನ್ನ ಬರದ ಇಡ್ತೇನಿ. ಆಮ್ಯಾಲೆ ಹೆಸರು ತಗದು ಮತ್ತೊಮ್ಮೆ ನೋಡ್ತೇನಿ. ಎರಡೂ ಕೂಡಲಿಲ್ಲಂದ್ರ ಮೂರನೇಸಲ ನೋಡೂದು."

ಹೆಣ್ಣು ನೋಡಲು ಹೋದಾಗ ನಮ್ಮವರು ಹೀಗೆ ನೋಡಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು ಎಂದು ನನಗೆ ಅನಿಸಿತು.

ಅವಳಲ್ಲಿ ನಾನು ಮೆಚ್ಚಿದ್ದು ಆ 'ಗೊತ್ತಿಲ್ಲ' ಎನ್ನುವ ಮಾತು. ನಾನು ಕಂಡ ಡಾಕ್ಟರು, ಮಾಸ್ತರು, ಸ್ವಾಮಿಗಳು ಯಾರೂ ಆ ಮಾತನ್ನು ಬಾಯಿಂದ ಹೊರಗೆ ಬಿಟ್ಟವರಲ್ಲ. ಇವಳು ಉಪ್ಪು ಕಡಿಮೆ ಆಗಿದೆ ಎಂದಷ್ಟೇ ಸಲೀಸಾಗಿ ಹೇಳುತ್ತಾಳೆ.

ಅವಳ ದೊಡ್ಡ ಕೆಲಸ ಶುರುವಾದದ್ದು ಜೋಯಿಡಾ ಕಡೆಯ ಒಬ್ಬ ಮುದುಕಿಯಿಂದ. ಆಕೆ ಮೆಟ್ಟಿಲ ಮೇಲೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಳು. ಯಾವುದೋ ಊರಿನಲ್ಲಿ ತಲೆಯ ಫೋಟೋ ತೆಗೆದರು. ಪೆಟ್ಟು ಸಣ್ಣದು. ಆದರೆ ಕಂಪ್ಯೂಟರು ಈ ಮಿದುಳನ್ನು ತನ್ನೊಳಗಿನ ಮಿದುಳುಗಳ ಜೊತೆ ಹೋಲಿಸಿ, ಇದು ಇರಬೇಕಾದ್ದಕ್ಕಿಂತ ಕುಗ್ಗಿದೆ ಎಂದಿತು. ಅಲ್ಲಿನ ಡಾಕ್ಟರು ಅವಸರದಲ್ಲಿ, ಮರೆವಿನ ರೋಗ ಶುರುವಾಗಿರಬಹುದು ಎಂದು ಬರೆದುಬಿಟ್ಟರು. ಮನೆಯವರು ಹೆದರಿ ಮುದುಕಿಯನ್ನು ಒಲೆಯ ಹತ್ತಿರ ಹೋಗಗೊಡಲಿಲ್ಲ, ದನದ ಹತ್ತಿರ ಹೋಗಗೊಡಲಿಲ್ಲ. ಕೂಡಿಸಿಯೇ ಇಟ್ಟರು. ಆಕೆ ಅಳುತ್ತಾ ಸೊಸೆಯ ಹತ್ತಿರ ಬಂದಳು. ಕೊಂಕಣಿ ಬಿಟ್ಟರೆ ಬೇರೆ ಮಾತು ಬಾರದು. ಇವಳು ಕೊಂಕಣಿ ಬಲ್ಲ ನರ್ಸನ್ನು ಕರೆಸಿ ಅರ್ಧ ದಿನ ಮಾತಾಡಿಸಿದಳು. ಮುದುಕಿಗೆ ಎಲ್ಲ ನೆನಪಿತ್ತು. ಯಾವ ಆಕಳು ಯಾವ ಆಕಳ ಮಗಳು, ಅದರ ಅಜ್ಜಿ ಯಾವುದು ಎಂದು ಹೇಳಿದಳಂತೆ.

ಅವತ್ತು ಮನೆಗೆ ಬಂದು ಸೊಸೆ ಊಟ ಮಾಡಲಿಲ್ಲ.

"ಕುಗ್ಗೇತಿ ಅಂತ ಬರದಾರ. ಯಾರಕಿಂತ ಕುಗ್ಗೇತಿ ಅತ್ತಿ? ಆ ಕಂಪ್ಯೂಟರಿನ್ಯಾಗ ಇರೂ ಮಿದುಳು ಹೊರದೇಶದವರದು, ಕಾಲೇಜ ಕಲ್ತವರದು. ಶಾಲಿ ಮೆಟ್ಟಿಲ ಹತ್ತದ, ಎಪ್ಪತ್ತ ವರ್ಷ ಹೊಲದಾಗ ದುಡದ, ನೆಟ್ಟಗಿರೂ ಮನಷ್ಯಾನ ಮಿದುಳು ಹೆಂಗಿರ್ತೈತಿ ಅಂತ ಅದಕ್ಕ ಗೊತ್ತಿಲ್ಲ. ನನಗೂ ಗೊತ್ತಿಲ್ಲ."

"ಅಂದ್ರ ಬ್ಯಾರೆಯವರ ಸೇರಿನ್ಯಾಗ ನಮ್ಮ ಅಕ್ಕಿ ಅಳದಂಗಾತು."

"ಹೌದ್ರಿ. ನಮ್ಮ ಸೇರು ನಾವ ಮಾಡಬೇಕು."

ಆ ಸೇರು ಮಾಡಲು ಅವಳಿಗೆ ರೋಗವಿಲ್ಲದ, ಅಕ್ಷರ ಬಾರದ ಮುದುಕ ಮುದುಕಿಯರು ಬೇಕಿತ್ತು. ಮೊದಲು ಅವರಿಗೆ ನೆನಪಿನ ಪರೀಕ್ಷೆ ಮಾಡಬೇಕು. ಆಮೇಲೆ ದೊಡ್ಡ ಮಶೀನಿನಲ್ಲಿ ಮಲಗಿಸಿ ಮಿದುಳಿನ ಫೋಟೋ ತೆಗೆಯಬೇಕು. ಅದಕ್ಕೆ ಎಂ.ಆರ್.ಐ. ಎನ್ನುತ್ತಾರೆ. ಅದು ಎಕ್ಸರೆ ಅಲ್ಲ. ಒಳಗೆ ಮನೆಯಷ್ಟು ದೊಡ್ಡ ಅಯಸ್ಕಾಂತ. ಕಬ್ಬಿಣ ಹತ್ತಿರ ಹೋದರೆ ಕಸಿದುಕೊಳ್ಳುತ್ತದೆ. ಕಾಲೇಜಿನವರು ರವಿವಾರ ಮುಂಜಾನೆ ಮಶೀನು ಕೊಡಲು ಒಪ್ಪಿದರು. ಆದರೆ ದೀಪಾವಳಿಯೊಳಗೆ ಹಳ್ಳಿಯವರು ಬರದಿದ್ದರೆ ಹುಬ್ಬಳ್ಳಿಯ ರಿಟಾಯರಾದವರನ್ನೇ ಮಲಗಿಸಿ ಕೆಲಸ ಮುಗಿಸಬೇಕು ಎಂದು ಮೇಲಿನವರು ಹೇಳಿದರು. "ಹಂಗ ಮಾಡಿದ್ರ ಕೆಲಸ ಮುಗೀತೈತಿ. ಆದರ ಅದು ನನ್ನ ಕೆಲಸ ಅಲ್ಲ," ಎಂದಳು ಸೊಸೆ.

ಮುಂಡಗೋಡದ ಹತ್ತಿರದ ಇಂದೂರು ನನ್ನ ತವರು. ಅಲ್ಲಿಂದ ಜನ ಕೊಡಿಸುತ್ತೇನೆ ಎಂದೆ. ನಮ್ಮ ತವರುಮನೆಯ ಎದುರಿಗೆ ಒಬ್ಬ ಹಿರಿಯರಿದ್ದಾರೆ. ಸಂಬಂಧಿಕರಲ್ಲ, ಆದರೆ ಸಣ್ಣವಳಿದ್ದಾಗಿನಿಂದ ಅಣ್ಣ ಎಂದು ಕರೆದು ರೂಢಿ. ಅಣ್ಣ ಹೂಂ ಅಂದರೆ ಊರಿನ ಮುದುಕರೆಲ್ಲ ಹೂಂ. ಅಣ್ಣ ಹೂಂ ಅಂದರು.

ಸೊಸೆ ಊರಿಗೆ ಹೋಗಿ ನೆನಪಿನ ಪರೀಕ್ಷೆ ಮುಗಿಸಿ, ಎಲ್ಲ ತಿಳಿಸಿ ಹೇಳಿದಳು. ಮಶೀನು ಗದ್ದಲ ಮಾಡುತ್ತದೆ, ನೋವಿಲ್ಲ, ಬೇಡ ಎನಿಸಿದರೆ ನಡುವೆಯೇ ಎದ್ದು ಬರಬಹುದು. ಬೆಂಡೋಲೆ, ಮೂಗುತಿ, ಕಾಲುಂಗುರ ಮನೆಯಲ್ಲಿ ಬಿಡಬೇಕು. ತಾಳಿ ಬಿಚ್ಚುವುದು ಹೇಗೆ ಎಂದು ಹೆಂಗಸರು ಕೇಳಿದರು. ಅದಕ್ಕೂ ಅವಳೇ ದಾರಿ ಹೇಳಿದಳು. ಅರಿಷಿಣದ ಕೊಂಬಿಗೆ ದಾರ ಹಾಕಿ ಕಟ್ಟಿಕೊಂಡು ಬರ್ರಿ, ವಾಪಸು ಹೋಗಿ ತಾಳಿ ಹಾಕಿಕೊಳ್ಳಿರಿ ಎಂದು. ಹೆಂಗಸರಿಗೆ ಖುಷಿಯಾಯಿತು.

ಮೊದಲ ರವಿವಾರ ಟೆಂಪೋ ತುಂಬ ಜನ ಹೊರಟರು. ನಾನೂ ಹೋದೆ. ಟೆಂಪೋ ಹೊಡೆಯುವವರು ಮುಂಡಗೋಡದ ಒಬ್ಬ ಮುಸಲ್ಮಾನ ಸಾಹೇಬರು, ನಮಗೆ ಗುರುತಿನವರು. ಎಲ್ಲ ಮುದುಕಿಯರ ಕೊರಳಲ್ಲಿ ಹೊಸ ಅರಿಷಿಣ ಕೊಂಬು ನೋಡಿ ಅವರು, "ಏನ್ರಬೇ ಅಮ್ಮಾ, ಎಲ್ಲಾರೂ ಕೂಡೇ ಲಗ್ನ ಮಾಡ್ಕೊಂಡ ಬಂದೀರೇನ?" ಎಂದರು.

"ಹೂಂ, ಮಶೀನಿನ ಜೋಡಿ," ಎಂದಳು ನನ್ನ ಬಾಲ್ಯದ ಗೆಳತಿ. ಅವಳ ಬಾಯಿಗೆ ಊರಲ್ಲಿ ಯಾರೂ ಹೋಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಮಶೀನಿನ ಕೋಣೆಯ ಬಾಗಿಲ ತನಕ ಎಲ್ಲ ಸುರಳೀತ. ಮೊದಲು ಅಣ್ಣ. ಅಂಗಿ ಬಿಚ್ಚಿದರು. ಎದೆಯ ಮೇಲೆ ಬೆಳ್ಳಿಯ ಗುಂಡಗಡಿಗೆ, ಅದರೊಳಗೆ ಇಷ್ಟಲಿಂಗ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟಿದರೆ ಅದು ಮಣ್ಣಿಗೆ ಹೋಗುವಾಗಲೂ ಮೈಮೇಲೇ ಇರಬೇಕು. ಮಶೀನು ನಡೆಸುವ ಮನುಷ್ಯ ಪಾಪ, ಅವನ ಕೆಲಸ ಅವನು ಮಾಡಿದ. ಎಲ್ಲರ ಉಂಗುರ, ಮೊಬೈಲು ಹಾಕಿಸಿಕೊಳ್ಳುವ ಪ್ಲಾಸ್ಟಿಕ್ ಬುಟ್ಟಿ ಮುಂದೆ ಹಿಡಿದು, "ಆ ಬೆಳ್ಳಿದು ಬಿಚ್ಚಿ ಇದರಾಗ ಹಾಕ್ರಿ ಅಜ್ಜಾರ" ಎಂದ.

ಅಣ್ಣ ಬುಟ್ಟಿ ನೋಡಿದರು. ಅವನ ಮುಖ ನೋಡಿದರು. ಸೊಸೆ ಒಳಗಿನಿಂದ ಓಡಿ ಬಂದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು, ಇದು ಅವಳ ಲಕ್ಷ್ಯದಲ್ಲಿ ಇರಲಿಲ್ಲ.

"ಲಿಂಗ ತಗದ ಬುಟ್ಟ್ಯಾಗ ಹಾಕಬೇಕಂತ. ಚಪ್ಪಲಿಗೂ ಬ್ಯಾರೆ ಬುಟ್ಟಿ ಐತಿಲ್ಲೋ?" ಎಂದರು ಅಣ್ಣ. ದನಿ ಏರಿಸಲಿಲ್ಲ. ಅಂಗಿ ಹಾಕಿಕೊಂಡು ನಡೆದರು. ಅವರ ಹಿಂದೆ ಎಲ್ಲರೂ ನಡೆದರು. ಟೆಂಪೋ ಬಂದ ದಾರಿಯಲ್ಲೇ ಇಂದೂರಿಗೆ ತಿರುಗಿತು.

ಸಂಜೆ ಸೊಸೆ ಅಡುಗೆಮನೆಯ ಹೊಸ್ತಿಲ ಒಳಗೆ ನೆಲದ ಮೇಲೆ ಕೂತಳು.

"ತಾಳಿ ನೆನಪ ಆತು, ಕಾಲುಂಗುರ ನೆನಪ ಆತು, ಲಿಂಗ ನೆನಪ ಆಗಲಿಲ್ಲ ಅತ್ತಿ. ಯಾಕಂದ್ರ ನನ್ನ ಕೊಳ್ಳಾಗ ಇಲ್ಲ."

ಅದು ನಿಜ. ಆ ಕೋಣೆಯಲ್ಲಿ ದಿನಾ ಓಡಾಡುವವಳು, ಮುಂಜಾನೆ ಪೂಜೆ ಮಾಡಿ ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು ಬಸ್ಸಿಗೆ ಓಡುತ್ತಿದ್ದಳು. ನಾನು ಅವಳ ಕೊರಳು ಅವಳದು ಎಂದು ಬಿಟ್ಟಿದ್ದೆ. ಹೊರಗಿನವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುತ್ತಿದ್ದರು. ಇವಳು ನಮ್ಮವಳೇ ಆಗಿದ್ದಕ್ಕೆ ಕೇಳಲಿಲ್ಲ.

"ಈಗ ಏನ ಮಾಡ್ತಿ? ಹುಬ್ಬಳ್ಳಿ ರಿಟಾಯರ ಮಂದೀನ ಕರಿತೀಯೇನ?"

"ಅಯಸ್ಕಾಂತ ಬೆಳ್ಳಿನ ಎಳೆಯೂದಿಲ್ರಿ, ಆದರ ಒಳಗ ಕಾಯಬಹುದು, ಫೋಟೋನೂ ಕೆಡ್ತೈತಿ. ಬೆಳ್ಳಿ ಹೊರಗ ಇಡಬೇಕು, ಅದು ಖರೆ. ಆದರ ಲಿಂಗ? ಅದು ಕಲ್ಲು. ಮ್ಯಾಲ ಕರೀ ಲೇಪ. ಕಲ್ಲು ಯಾಕ ಹೊರಗ ಇಡಬೇಕು?" ಎಂದು ತನ್ನಷ್ಟಕ್ಕೇ ಎಂಬಂತೆ ಹೇಳಿದಳು.

ಮರುದಿನ ಮುಂಜಾನೆ ಪೂಜೆ ಮುಗಿಸಿ ಲಿಂಗವನ್ನು ಜಗಲಿಯ ಮೇಲಿಡಲಿಲ್ಲ. ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಹೋದಳು. ಸಂಜೆ ಬಂದವಳು ಕೈಕಾಲು ತೊಳೆಯುವ ಮೊದಲೇ ಹೇಳಿದಳು. ಮಶೀನು ಸರಿ ಇದೆಯೋ ಇಲ್ಲವೋ ನೋಡಲು ಅವರು ನೀರು ತುಂಬಿದ ಒಂದು ಬಾಟಲಿಯನ್ನು ಒಳಗೆ ಮಲಗಿಸಿ ಫೋಟೋ ತೆಗೆಯುತ್ತಾರಂತೆ. ಅದರ ಪಕ್ಕದಲ್ಲಿ ತನ್ನ ಲಿಂಗವನ್ನು ಇಟ್ಟಳಂತೆ.

"ದೇವರನ್ನ ಆ ಮಶೀನಿನ್ಯಾಗ ಹಾಕಿದಿ?"

"ಹೂಂ ಅತ್ತಿ. ಅವರ ದೇವರನ್ನ ಹಾಕೂಕಿಂತ ಮೊದಲ ನನ್ನ ದೇವರು."

ಬಾಟಲಿಯ ಫೋಟೋ ಎಲ್ಲೂ ಕಪ್ಪಾಗದೆ, ಸೊಟ್ಟಾಗದೆ ನೆಟ್ಟಗೆ ಬಂದಿತ್ತು. ಲಿಂಗ ಬಿಸಿಯೂ ಆಗಿರಲಿಲ್ಲ. ಇಷ್ಟಕ್ಕೆ ಕುಣಿಯುವುದು ಬಿಟ್ಟು ಇವಳಿಗೆ ಹೊಸ ಚಿಂತೆ. ನನ್ನ ಲಿಂಗ ಸುಮ್ಮನಿದ್ದರೆ ಎಲ್ಲರದೂ ಸುಮ್ಮನಿರುತ್ತದೆಯೇ? ಹಳೆಯ ಲಿಂಗಗಳನ್ನು ಯಾವ ಕಲ್ಲಿನಿಂದ ಮಾಡಿದ್ದಾರೋ, ಲೇಪದಲ್ಲಿ ಏನು ಕೂಡಿಸಿದ್ದಾರೋ. ಒಡೆದು ನೋಡುವಂತಿಲ್ಲ. ಬೇರೆಯವರ ಲಿಂಗ ಮುಟ್ಟುವಂತೆಯೂ ಇಲ್ಲ. ಕಾಲೇಜಿನ ಹಿರಿಯರಿಗೆಲ್ಲ ಹೇಳಿ, ಅವರ ಪರವಾನಗಿ ತಗೊಂಡು, ಒಂದು ಸಣ್ಣ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು, "ಅತ್ತಿ, ಇಂದೂರಿಗೆ ಹೋಗೂಣು ಬರ್ರಿ" ಎಂದಳು.

ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಕೂಡಿದ್ದರು. ಅಣ್ಣ ನಡುವೆ ಕೂತಿದ್ದರು. ಬಾ ಎನ್ನಲಿಲ್ಲ, ಕೂತುಕೋ ಎನ್ನಲಿಲ್ಲ.

"ಏನವಾ ಡಾಕ್ಟರ, ಮೊದಲ ನಾ ಕೇಳಿದ್ದಕ್ಕ ಹೇಳು. ನಿನ್ನ ಕೊಳ್ಳಾಗ ಲಿಂಗ ಐತೇನ?"

"ಇವತ್ತ ಐತ್ರಿ ಮಾವಾರ. ದಿನಾ ಇರೂದಿಲ್ಲ."

ಕಟ್ಟೆಯ ತುಂಬ ಗುಸುಗುಸು. ಐತಿ ಎಂದಷ್ಟೇ ಹೇಳಿದ್ದರೂ ಸುಳ್ಳಾಗುತ್ತಿರಲಿಲ್ಲ.

"ಪೂಜಿ ಮಾಡಿ ಜಗಲಿ ಮ್ಯಾಲ ಇಟ್ಟ ಹೋಗ್ತೇನ್ರಿ. ಹಂಗ ಇಟ್ಟ ಇಟ್ಟ ರೂಢಿ ಆತು. ಅದಕ್ಕ ನಿಮ್ಮ ಲಿಂಗದ್ದು ನನಗ ನೆನಪ ಆಗಲಿಲ್ಲ. ತಪ್ಪು ಆ ಬುಟ್ಟಿ ಹಿಡದಾವಂದಲ್ಲ, ನಂದು."

"ಹಂಗಾರ ತಗದ ಇಟ್ಟರ ಏನೂ ಆಗೂದಿಲ್ಲ ಅಂತ ನಮಗ ಹೇಳಾಕ ಬಂದಿ?"

"ಇಲ್ರಿ. ತಗೀಬ್ಯಾಡ್ರಿ. ಬೆಳ್ಳಿ ಅಷ್ಟ ಹೊರಗ ಇಡ್ರಿ, ಲಿಂಗ ಅರಿವ್ಯಾಗ ಕಟ್ಕೊಂಡು ಮೈಮ್ಯಾಲ ಇರ್ಲಿ. ಹಂಗ ಆಗ್ತೈತೋ ಇಲ್ಲೋ ನೋಡಾಕ ಬಂದೇನಿ."

"ಲಿಂಗದ ಒಳಗ ಏನೈತಿ, ನಿನಗ ಗೊತ್ತೈತೇನ?"

"ಗೊತ್ತಿಲ್ರಿ."

ಅಣ್ಣ ಸರಿದು ಜಾಗ ಮಾಡಿದರು. "ಕೂಡು," ಎಂದರು.

ಆಮೇಲೆ ನಡೆದದ್ದನ್ನು ನಾನು ಮರೆಯುವುದಿಲ್ಲ. ಪೂಜೆಗೆ ಹಿಡಿಯುವ ಹಾಗೆ ಎಲ್ಲರೂ ಗುಂಡಗಡಿಗೆಯಿಂದ ಲಿಂಗ ತೆಗೆದು ಎಡಗೈಯ ಮೇಲೆ ಇಟ್ಟುಕೊಂಡು ಸಾಲಾಗಿ ಕೂತರು. ಸೊಸೆ ಚಪ್ಪಲಿ ಬಿಟ್ಟು, ಕೈ ತೊಳೆದು, ಒಬ್ಬೊಬ್ಬರ ಮುಂದೆ ಮೊಣಕಾಲೂರಿ ಕೂತು, ದಾರದ ತುದಿ ಹಿಡಿದು ಅಯಸ್ಕಾಂತವನ್ನು ಲಿಂಗದ ಬದಿಗೆ ಇಳಿಬಿಟ್ಟಳು. ಮುಟ್ಟಿಸಲಿಲ್ಲ. ಉಸಿರು ಬಿಗಿಹಿಡಿದು ದಾರ ನೋಡುತ್ತಿದ್ದಳು. ದಾರ ನೆಟ್ಟಗೆ ನಿಂತರೆ, "ಆತ್ರಿ, ಶರಣ್ರಿ" ಎಂದು ಮುಂದಿನವರ ಹತ್ತಿರ ಸರಿಯುತ್ತಿದ್ದಳು. ಅವಳು ಕತ್ತಲೆ ಕೋಣೆಯಲ್ಲಿ ಹೇಗೆ ಕೂತು ನೋಡುತ್ತಾಳೆ ಎಂದು ನನಗೆ ಅವತ್ತು ಹಗಲು ಬೆಳಕಿನಲ್ಲಿ ಕಂಡಿತು.

ನನ್ನ ಗೆಳತಿಯ ಸರತಿ ಬಂತು. ದಾರ ಅಲುಗಲಿಲ್ಲ. "ನೋಡ್ರಿ, ನನ್ನ ಲಿಂಗ ನನ್ನಂಗ ಶಾಂತ ಐತಿ," ಎಂದಳು.

"ನಿನ್ನಂಗ ಇದ್ದಿದ್ರ ಇಷ್ಟೊತ್ತಿಗೆ ಜಗಳಾ ತಗೀತಿತ್ತು," ಎಂದರು ಒಬ್ಬರು. ಕಟ್ಟೆ ನಕ್ಕಿತು. ನಕ್ಕ ಮೇಲೆ ಜನ ಸಡಿಲಾದರು. ಕೆಲಸ ಆಯಿತು ಎಂದುಕೊಂಡೆ ನಾನು.

ಕೊನೆಗೆ ಅಣ್ಣ. ಅವರದು ಹುಟ್ಟಿದಾಗ ಅವರ ಅಜ್ಜ ಮಠದಿಂದ ತಂದು ಕಟ್ಟಿಸಿದ ಲಿಂಗ, ಉಳಿದವರದಕ್ಕಿಂತ ತುಸು ದೊಡ್ಡದು. ಸೊಸೆ ದಾರ ಇಳಿಬಿಟ್ಟಳು. ಅಯಸ್ಕಾಂತ ಒಮ್ಮೆ ತೂಗಿತು, ಲಿಂಗದ ಕಡೆ ವಾಲಿತು. ವಾಲಿಯೇ ನಿಂತಿತು. ಅವಳು ಕೈ ಹಿಂದೆಳೆದು, ತಡೆದು, ಮತ್ತೊಮ್ಮೆ ಬೇರೆ ಬದಿಯಿಂದ ಇಳಿಬಿಟ್ಟಳು. ಮತ್ತೆ ವಾಲಿತು.

ಹಿಂದೆ ಕೂತವರು ಎದ್ದು ಬಗ್ಗಿ ನೋಡಿದರು.

"ಮಾವಾರ, ಈ ಕಲ್ಲಿನ್ಯಾಗ ಕಬ್ಬಿಣದ ಅಂಶ ಐತ್ರಿ. ನೀವು ಆ ಖೋಲಿಗೆ ಬರೂದು ಬ್ಯಾಡ್ರಿ."

"ಸಣ್ಣಗ ಎಳದೈತಿ."

"ಹೌದ್ರಿ. ಆದರ ಆ ಮಶೀನ ಸಣ್ಣಗ ಎಳೆಯೂದಿಲ್ರಿ. ನಿಮ್ಮ ಕೊಳ್ಳಾಗಿಂದ ಕಸಗೊಂಡ ಹೋಗ್ತೈತಿ, ಹೋಗೂ ದಾರ್ಯಾಗ ನಿಮ್ಮ ಗದ್ದಕ್ಕ, ಕಣ್ಣಿಗೆ ಹೊಡೀತೈತಿ."

ಅಣ್ಣ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಗುಂಡಗಡಿಗೆಯಲ್ಲಿಟ್ಟರು. "ನಾ ಬರೂದಿಲ್ಲಂದ್ರ ಇವರ್ಯಾರೂ ಬರೂದಿಲ್ಲ, ಅದು ಗೊತ್ತೈತೇನ ನಿನಗ?"

"ಗೊತ್ತೈತ್ರಿ."

"ನಿನ್ನ ಅತ್ತಿ ಹೇಳ್ಯಾಳ ನನಗ. ನಾವು ಬರಲಿಲ್ಲಂದ್ರ ನಿನ್ನ ಕೆಲಸ ನಿಂತ ಹೋಗ್ತೈತಿ."

"ನಿಂತ ಹೋಗ್ತೈತ್ರಿ."

"ಆದರೂ ಬ್ಯಾಡ ಅಂತಿ."

"ಬ್ಯಾಡ ಅಂತೇನ್ರಿ."

ನನಗೆ ಎದ್ದು ಅವಳ ಬಾಯಿ ಮುಚ್ಚಬೇಕು ಎನಿಸಿತು. ಇಷ್ಟು ವರ್ಷದ ದುಡಿತ, ಬೆಂಗಳೂರು, ಬಸ್ಸು, ಆರಿದ ಊಟ, ಎಲ್ಲ ಆ ಕಟ್ಟೆಯ ಮೇಲೆ ಮುಗಿಯುತ್ತಿತ್ತು. ಏನಾದರೂ ಉಪಾಯ ಮಾಡುತ್ತೇನೆ, ನೀವು ಬರ್ರಿ ಎಂದು ಹೇಳಿ ಕರೆದೊಯ್ದು, ಅಲ್ಲಿ ಬಾಗಿಲಲ್ಲಿ ಕೂಡಿಸಿದ್ದರೆ ಆಗುತ್ತಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವಳು ಅಯಸ್ಕಾಂತಕ್ಕೆ ದಾರ ಸುತ್ತಿ ಚೀಲದಲ್ಲಿಟ್ಟಳು, ಕೈ ಮುಗಿದಳು.

ಅಣ್ಣ ಎದ್ದು ನಿಂತರು. ಧೋತರದ ಧೂಳು ಕೊಡವಿದರು. ಉಳಿದವರ ಕಡೆ ತಿರುಗಿದರು.

"ಕೇಳಿದ್ರಿಲ್ಲೋ? ನನಗ ಬ್ಯಾಡ ಅಂದ್ಲು. ತನ್ನ ಕೆಲಸ ಕೆಡ್ತೈತಿ ಅಂತ ಗೊತ್ತಿದ್ದೂ ನನಗ ಬ್ಯಾಡ ಅಂದಾಕಿ, ನಿಮಗ ಬರ್ರಿ ಅಂದ್ರ ಸುಮ್ಮನ ಹೋಗ್ರಿ. ರವಿವಾರ ಟೆಂಪೋ ಬರ್ತೈತಿ. ಯಾರರೆ ಹಿಂದ ಉಳದ್ರ ನನ್ನ ಕೂಡ ಮಾತಾಡಬ್ಯಾಡ್ರಿ."

ನನ್ನ ಗೆಳತಿ ಸುಮ್ಮನಿರುವವಳಲ್ಲ. "ಅಣ್ಣಾರ, ನಿಮ್ಮ ಲಿಂಗಕ್ಕ ಜೋರು ಭಾಳ, ಅದಕ್ಕ ಮೊದಲಿಂದ ನಿಮಗ ಹಟಾ ಭಾಳ. ಈಗ ತಿಳೀತ ಕಾರಣಾ," ಎಂದಳು.

"ಏ, ನಡೀ ನಡೀ," ಎಂದರು ಅಣ್ಣ. ಆದರೆ ಮುಖದಲ್ಲಿ ಹೆಮ್ಮೆ ಕಂಡಿತು. ಆಮೇಲೆ ಆ ಮಾತನ್ನು ಅವರೇ ಮುಂಡಗೋಡದ ಸಂತೆಯಲ್ಲಿ ಹೇಳಿಕೊಂಡು ತಿರುಗಿದರು.

ರವಿವಾರ ಅಣ್ಣನೂ ಟೆಂಪೋ ಹತ್ತಿದರು. ಆ ಕೋಣೆಯ ಹೊರಗೆ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಒಳಗೆ ಹೋದವರ ಬೆಳ್ಳಿಯನ್ನೆಲ್ಲ ತಮ್ಮ ಟವೆಲ್ಲಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತರು. ಪ್ಲಾಸ್ಟಿಕ್ ಬುಟ್ಟಿ ಹಿಡಿದವನಿಗೆ ಅವತ್ತು ಕೆಲಸವಿರಲಿಲ್ಲ. ಅಣ್ಣ ಅವನಿಗೆ ಚಹಾ ಕುಡಿಸಿದರು.

ಮೊದಲು ಒಳಗೆ ಹೋದವಳು ನಾನು. ನನ್ನ ಫೋಟೋ ಅವಳ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರದು ಹಿಡಿಯುವಂತಿಲ್ಲವಂತೆ, ಮೇಲಾಗಿ ನನಗೆ ಓದಲು ಬರೆಯಲು ಬರುತ್ತದೆ. ಅಕ್ಷರ ಕಲಿತದ್ದಕ್ಕೆ ಹೊರಗೆ ಹಾಕಿಸಿಕೊಂಡದ್ದು ಅದೇ ಮೊದಲು. ಆದರೆ ಹೋಗಿ ಬಂದು ಹೇಳಲು ಒಬ್ಬರು ಬೇಕಿತ್ತು. ಲಿಂಗವನ್ನು ಬಿಳಿ ಅರಿವೆಯಲ್ಲಿ ಎದೆಗೆ ಕಟ್ಟಿಕೊಂಡು ಮಲಗಿದೆ. ತಲೆಯನ್ನು ಪಂಜರದಂಥದ್ದರಲ್ಲಿ ಇಟ್ಟರು, ಕಿವಿಗೆ ಮೆತ್ತೆ ಇಟ್ಟರು, ಕೈಯಲ್ಲಿ ರಬ್ಬರಿನ ಚೆಂಡು ಕೊಟ್ಟರು, ಹೆದರಿಕೆಯಾದರೆ ಹಿಚುಕಬೇಕು. ಆಮೇಲೆ ಗದ್ದಲ. ಅಕ್ಕಿ ಗಿರಣಿ, ಬೋರು ಕೊರೆಯುವ ಗಾಡಿ, ತಗಡಿನ ಮೇಲೆ ಆಣೆಕಲ್ಲು, ಎಲ್ಲ ಒಂದಾದ ಮೇಲೆ ಒಂದು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಚೆಂಡು ಹಿಚುಕಲಿಲ್ಲ, ಅಷ್ಟೇ. ಹೊರಗೆ ಬಂದಾಗ ಸಾಲಾಗಿ ಕೂತವರೆಲ್ಲ ನನ್ನ ಮುಖ ನೋಡಿದರು.

"ಹೆಂಗೈತಬೇ?" ಎಂದಳು ಗೆಳತಿ.

"ನಿನ್ನ ಗದ್ದಲಕಿಂತ ಕಡಿಮಿ," ಎಂದೆ. ಅವಳು ಎದ್ದು ಒಳಗೆ ಹೋದಳು. ಅವಳ ಹಿಂದೆ ಉಳಿದವರು. ದೀಪಾವಳಿಯ ಮೊದಲೇ ಇಂದೂರಿನವರದು ಮುಗಿದು, ಹಳಿಯಾಳದ ಕಡೆಯ ಹಳ್ಳಿಗಳಿಂದ ಜನ ಬರತೊಡಗಿದರು. ಅವರಿಗೆ ಹೇಳಿ ಕಳಿಸಿದ್ದೂ ಅಣ್ಣನೇ. ಹೊಸ ಊರಿಗೆ ಹೋದಲ್ಲೆಲ್ಲ ಸೊಸೆ ಮೊದಲು ತೆಗೆಯುವುದು ಆ ದಾರದ ಅಯಸ್ಕಾಂತ.

ಕಾಲೇಜಿನಲ್ಲಿ ಅವಳ ಹುಡುಗರು ಇದನ್ನು ಈಗ ಪಾಠದಲ್ಲಿ ಕಲಿಯುತ್ತಾರಂತೆ, ಮಶೀನಿನ ಕೋಣೆಗೆ ಬಂದವರಿಗೆ ಮೊದಲು ಏನು ಕೇಳಬೇಕು ಎಂದು. ಪಾಠ ಹೇಳುವಾಗ ತಾನು ಮರೆತದ್ದನ್ನೂ ಹೇಳುತ್ತಾಳಂತೆ. ಪ್ರೊಫೆಸರು ಎನಿಸಿಕೊಂಡವಳು ಹುಡುಗರ ಮುಂದೆ ಹೀಗೆ ಹೇಳಬಾರದು ಎಂದು ಮಗ ಅಂದ. ಹೇಳಲಿ ಬಿಡು ಎಂದೆ.

ಮೊನ್ನೆ ರವಿವಾರ ಮನೆಯಲ್ಲಿ ಪರದೆಯ ಮೇಲೆ ಒಂದು ಮಿದುಳು ತೆಗೆದಳು. "ಇದು ಯಾರದಂತ ನನಗ ಗೊತ್ತೈತ್ರಿ ಅತ್ತಿ. ನಿಮ್ಮದು."

ನೋಡಿದೆ. ಅದೇ ಕೋಬೀಜ. ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆ, ಅಂಚಿನಲ್ಲಿ ತುಸು ಸಡಿಲು.

"ಈ ಬಿಳಿ ಚುಕ್ಕಿ ಏನ?"

"ವಯಸ್ಸಾದವರಿಗೆ ಬರ್ತಾವ್ರಿ."

"ನನಗ ಇಷ್ಟ ಇರಬೇಕೋ, ಹೆಚ್ಚಾಗ್ಯಾವೋ?"

ಬೇರೆ ಯಾವ ಸೊಸೆಯಾದರೂ ಎಲ್ಲ ಚಲೋ ಐತಿ ಎಂದು ಮಾತು ಮುಗಿಸುತ್ತಿದ್ದಳು. ಇವಳು ಪರದೆಗೆ ಮುಖ ಹತ್ತಿರ ಒಯ್ದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಳುಗಳನ್ನು ಸರಿಸಿ ಸರಿಸಿ ನೋಡಿದಳು.

"ಇನ್ನೂ ಗೊತ್ತಿಲ್ರಿ ಅತ್ತಿ. ಇಂದೂರಿನವರದೆಲ್ಲ ಓದಿ ಮುಗಿಸ್ತೇನಿ, ಆಮ್ಯಾಲೆ ಹೇಳ್ತೇನಿ."

"ಹಂಗಾರ ಲಗೂನ ಓದು," ಎಂದೆ. "ನನಗೂ ವಯಸ್ಸಾತು."